ಪಲ್ಸಾರ್ ಕಾಣಲಿಲ್ಲ: ಬ್ಯಾಂಡ್ ತಲೆಕೆಳಗಾಗಿತ್ತು

ಕ್ಷಣಿಕ ರೇಡಿಯೋ ಸ್ಫೋಟ ಹುಡುಕುವ ಜಿಪಿಯು (ಗ್ರಾಫಿಕ್ಸ್ ಚಿಪ್) ಕೋಡನ್ನು ಮೊದಲು ಪರೀಕ್ಷಿಸಿದ್ದು ಬಿ0329+54 ಪಲ್ಸಾರ್, ಅಂದರೆ ನಿಯತವಾಗಿ ರೇಡಿಯೋ ಮಿಡಿತ ಕಳಿಸುವ ನಕ್ಷತ್ರದ ಮೇಲೆ. ಇಷ್ಟು ಪ್ರಖರವಾದದ್ದು ಕಾಣದಿದ್ದರೆ ತಪ್ಪು ಆಕಾಶದಲ್ಲಿಲ್ಲ, ಕೋಡಿನಲ್ಲಿದೆ. ಸಿಕ್ಕಿದ್ದೆಲ್ಲ ಡಿಎಂ (ದಾರಿಯ ಎಲೆಕ್ಟ್ರಾನ್‌ಗಳಿಂದ ಕಡಿಮೆ ಆವರ್ತನ ಎಷ್ಟು ತಡವಾಗಿ ಬರುತ್ತದೆ ಎಂಬುದರ ಅಳತೆ) ಸೊನ್ನೆಯ ಆಸುಪಾಸಿನ ಭೂಮಿಯ ಗದ್ದಲ; ಈ ಪಲ್ಸಾರ್‌ನ ಡಿಎಂ ಆದ 26.8ರಲ್ಲಿ ಏನೂ ಇಲ್ಲ.

ದತ್ತಾಂಶ 550–750 ಮೆಗಾಹರ್ಟ್ಸ್, 2048 ಚಾನೆಲ್, 8 ಬಿಟ್, 327.68 ಮೈಕ್ರೋಸೆಕೆಂಡ್ ಸ್ಯಾಂಪಲ್. ಫೈಲಿನಲ್ಲಿ ಕಡಿಮೆ ಆವರ್ತನದ ಚಾನೆಲ್ ಮೊದಲಿತ್ತು, ಹೆಡರ್ (ಫೈಲಿನ ಆರಂಭದ ವಿವರಣೆ) ಮಾತ್ರ 750ರಿಂದ ಇಳಿಯುತ್ತದೆ ಎನ್ನುತ್ತಿತ್ತು. ಪಲ್ಸಾರ್‌ನ ಡಿಎಂಗೆ ಬ್ಯಾಂಡಿನ ಎರಡು ತುದಿಗಳ ನಡುವೆ ಸುಮಾರು 170 ಮಿಲಿಸೆಕೆಂಡ್ ವಿಳಂಬ. ಅದನ್ನು ಸರಿದೂಗಿಸಲು ಕೋಡ್ ಚಾನೆಲ್‌ಗಳನ್ನು ಸಮಯದಲ್ಲಿ ಸರಿಸುತ್ತದೆ; ಉಲ್ಟಾ ದಿಕ್ಕಿಗೆ ಸರಿಸಿದಾಗ ವಿಳಂಬ ತೀರುವ ಬದಲು ಇಮ್ಮಡಿಯಾಗಿ ಪಲ್ಸ್ ಕರಗಿಹೋಗುತ್ತಿತ್ತು. ಡಿಎಂ ಸೊನ್ನೆಯಲ್ಲಿ ಸರಿಸುವುದೇ ಇಲ್ಲವಲ್ಲ, ಹಾಗಾಗಿ ಗದ್ದಲಕ್ಕೆ ಏನೂ ಆಗಲಿಲ್ಲ! ಫೈಲ್ ಬರೆಯುವಾಗಲೇ ಪ್ರತಿ ಸ್ಯಾಂಪಲ್‌ನ ಚಾನೆಲ್ ಸಾಲನ್ನು ತಿರುಗಿಸಿ, ಮೊದಲ ಚಾನೆಲ್ 749.951, ಹೆಜ್ಜೆ −0.09766 ಎಂದು ಹಾಕಿದ ಮೇಲೆ 0.714 ಸೆಕೆಂಡಿಗೊಂದು ಪಲ್ಸ್ ಸಾಲಾಗಿ ಬಂತು.

ಇನ್ನೊಂದು ತೊಡಕು ಹೆಚ್ಚಿನ ಡಿಎಂನಲ್ಲಿ. ಕೃತಕ ಪಲ್ಸ್ ಬೆರೆಸಿ ನೋಡಿದರೆ 800ರವರೆಗೆ ಸರಿ, 1000ಕ್ಕೆ ಮಾಯ. ಜಿಪಿಯುಗೆ ಒಂದು ಸಲಕ್ಕೆ 16384 ಸ್ಯಾಂಪಲ್, ಅಂದರೆ 5.4 ಸೆಕೆಂಡಿನ ತುಂಡು ಹೋಗುತ್ತಿತ್ತು. ಡಿಎಂ 1000ಕ್ಕೆ ವಿಳಂಬವೇ 6.3 ಸೆಕೆಂಡ್. ತುಂಡನ್ನು 65536ಕ್ಕೆ ಏರಿಸಿ, ಕೊನೆಯ 6.3 ಸೆಕೆಂಡ್ ಮುಂದಿನ ತುಂಡಿನ ಆರಂಭದಲ್ಲೂ ಮತ್ತೆ ಬರುವಂತೆ ಮಾಡಿದರೆ ಸಾಕು. ಇನ್‌ಪುಟ್ 128 ಎಂಬಿ ಅಷ್ಟೆ. ಆದರೆ ಸುಮಾರು ಶೇ. 30 ಲೆಕ್ಕ ಎರಡೆರಡು ಸಲ ನಡೆಯುತ್ತದೆ. ಮೆಮೊರಿ ಇದ್ದರೆ 131072 ಇಡಿ, ಈ ಪುನರಾವರ್ತನೆ ಅರ್ಧಕ್ಕಿಳಿಯುತ್ತದೆ.