ಕಿಮೋ ಮಕ್ಕಳ ಜ್ವರ: ಸಿಆರ್‌ಪಿ, ಪಿಸಿಟಿ ನಾನು ನೋಡುವ ರೀತಿ

ಕ್ಯಾನ್ಸರ್‌ಗೆ ಕಿಮೋ ನಡೆಯುತ್ತಿರುವ ಮಗುವಿಗೆ ಜ್ವರ ಬಂದರೆ ನಾನು ಮೊದಲು ಕೇಳುವುದು, ಮೈ ಬಿಸಿಯಾಗಿದ್ದು ಎಷ್ಟು ಹೊತ್ತಿಗೆ ಅಂತ. ಮೈಸೂರಿನ ನಮ್ಮ ವಾರ್ಡಿಗೆ ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಮಕ್ಕಳೂ ಬರುತ್ತಾರೆ. ಎಷ್ಟೋ ತಾಯಂದಿರು ಗಂಟೆ ಹೇಳುವುದಿಲ್ಲ, ಮಾಡುತ್ತಿದ್ದ ಕೆಲಸ ಹೇಳುತ್ತಾರೆ. "ಡೈರಿಗೆ ಹಾಲು ಹಾಕಿ ಬಂದು ಮುಟ್ಟುದ್ರೆ ಮೈ ಸುಡ್ತಿತ್ತು ಮೇಡಂ." ನನಗೆ ಅಷ್ಟು ಸಾಕು. ಆ ಹೊತ್ತನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಬರುವ ಪ್ರತಿ ರಿಪೋರ್ಟಿನ ಪಕ್ಕದಲ್ಲೂ, ಜ್ವರ ಶುರುವಾಗಿ ಎಷ್ಟು ಗಂಟೆಯಾಯಿತು ಅಂತ ಗುರುತು ಹಾಕುತ್ತೇನೆ.

ಯಾಕೆಂದರೆ ಗಂಟೆ ಗೊತ್ತಿಲ್ಲದ ಸಿಆರ್‌ಪಿಯಿಂದ ಏನೂ ತಿಳಿಯುವುದಿಲ್ಲ. ಇದು ಮೈಯಲ್ಲಿ ಉರಿಯೂತವಾದಾಗ ಲಿವರ್ ತಯಾರಿಸುವ ಪ್ರೋಟೀನ್, ರಕ್ತಪರೀಕ್ಷೆಯಲ್ಲಿ ಅಳೆಯುತ್ತೇವೆ. ಸೋಂಕು ಶುರುವಾದ ಮೇಲೆ ರಕ್ತದಲ್ಲಿ ಏರಲು 6ರಿಂದ 12 ಗಂಟೆ ಬೇಕು, ತುದಿ ಮುಟ್ಟಲು ಸುಮಾರು ಎರಡು ದಿನ. ಒಬ್ಬ ತಂದೆ ಊರಿನ ಲ್ಯಾಬ್ ರಿಪೋರ್ಟ್ ಹಿಡಿದುಕೊಂಡು ಬಂದಿದ್ದರು. "ಸಿಆರ್‌ಪಿ 4 ಇದೆ, ನಾರ್ಮಲ್ ಅಂದ್ರು. ಸುಮ್ನೆ ಇಂಜೆಕ್ಷನ್ ಯಾಕೆ ಮೇಡಂ?" ಜ್ವರ ಬಂದು ಎರಡು ಗಂಟೆಯೂ ಆಗಿರಲಿಲ್ಲ. ಅಷ್ಟು ಬೇಗ ಅದು ಏರುವುದೇ ಇಲ್ಲ ಅಂತ ಹೇಳಿ, ಆಂಟಿಬಯೋಟಿಕ್ ಇಂಜೆಕ್ಷನ್ ಶುರುಮಾಡಿದೆ.

ಇದರಲ್ಲಿ ನಾನು ರಾಜಿಯಾಗುವುದಿಲ್ಲ. ನ್ಯೂಟ್ರೋಫಿಲ್, ಅಂದರೆ ಸೋಂಕಿನ ವಿರುದ್ಧ ಹೋರಾಡಿ ಕೀವು ಕಟ್ಟಿಸುವ ಬಿಳಿ ರಕ್ತಕಣ, 500ಕ್ಕಿಂತ ಕೆಳಗೆ ಬಿದ್ದ ಮಗುವಿನಲ್ಲಿ ಕೀವು ಕಟ್ಟುವುದೇ ಅಪರೂಪ. ಎಕ್ಸ್‌ರೇ ಕೂಡ ಶುರುವಿನಲ್ಲಿ ಚೆನ್ನಾಗಿಯೇ ಕಾಣಬಹುದು. ಎಷ್ಟೋ ಸಲ ಜ್ವರ ಒಂದೇ ಸುಳಿವು. ಅದಕ್ಕೇ ಮಗು ಬಂದ ಕೂಡಲೇ ಪೋರ್ಟಿನಿಂದ (ಕಿಮೋ ಕೊಡಲು ಚರ್ಮದಡಿ ಕೂರಿಸಿದ ಸಾಧನ) ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯಾ ನೋಡಲು, ಮತ್ತು ರಕ್ತಕಣ ಎಣಿಸುವ ಸಿಬಿಸಿಗೆ ರಕ್ತ ತೆಗೆಯುತ್ತೇವೆ. ಒಂದು ಗಂಟೆಯೊಳಗೆ ಮೊದಲ ಡೋಸ್ ಆಂಟಿಬಯೋಟಿಕ್ ಹೋಗಿರಬೇಕು. ಸಿಆರ್‌ಪಿ ಎಷ್ಟೇ ಕಡಿಮೆ ಇರಲಿ, ಈ ಡೋಸ್ ನಿಲ್ಲುವುದಿಲ್ಲ.

ಹಾಗಾದರೆ ಈ ಪರೀಕ್ಷೆಗಳು ಯಾಕೆ ಬೇಕು? ಮಾರನೇ ದಿನಕ್ಕೆ. ಪ್ರೊಕ್ಯಾಲ್ಸಿಟೋನಿನ್, ಅಂದರೆ ವಾರ್ಡಿನಲ್ಲಿ ನಾವೆಲ್ಲ ಪಿಸಿಟಿ ಅನ್ನುವುದು, ರಕ್ತದಲ್ಲೇ ಅಳೆಯುವ ಇನ್ನೊಂದು ಸೂಚಕ. ಇದು ಸಿಆರ್‌ಪಿಗಿಂತ ಬೇಗ ಏರುತ್ತದೆ. ಬ್ಯಾಕ್ಟೀರಿಯಾ ಸೋಂಕಾದರೆ ಕೆಲವೇ ಗಂಟೆಗಳಲ್ಲಿ ಮೇಲೆ ಹೋಗುತ್ತದೆ. ಸೋಂಕು ಹತೋಟಿಗೆ ಬಂದರೆ ದಿನಕ್ಕೆ ಹೆಚ್ಚೂಕಡಿಮೆ ಅರ್ಧ ಇಳಿಯುತ್ತದೆ. ವೈರಲ್ ಜ್ವರದಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ರಾತ್ರಿ 0.3 ಇದ್ದದ್ದು ಬೆಳಿಗ್ಗೆ 5 ಅಥವಾ 6 ಆಗಿದ್ದರೆ, ಮಗು ಆಟವಾಡುತ್ತಿದ್ದರೂ ನಾನು ನರ್ಸ್‌ಗಳಿಗೆ ಹೇಳಿಬಿಡುತ್ತೇನೆ: ಬಿಪಿ, ಮೂತ್ರ, ಕೈಕಾಲು ತಣ್ಣಗಾಗಿದೆಯಾ, ಗಂಟೆಗೊಮ್ಮೆ ನೋಡಿ. ಬಿಪಿ ಬಿದ್ದ ಮೇಲೆ ಓಡಾಡುವುದಕ್ಕಿಂತ ಇದು ವಾಸಿ ಅಲ್ವಾ?

ಇಳಿಯುವ ಸಂಖ್ಯೆಯೂ ಕೆಲಸಕ್ಕೆ ಬರುತ್ತದೆ. 48 ಗಂಟೆಗೆ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಒಂದು ದಿನದಿಂದ ಜ್ವರವಿಲ್ಲ, ನ್ಯೂಟ್ರೋಫಿಲ್ ಕೌಂಟ್ ಏರುತ್ತಿದೆ, ಪಿಸಿಟಿಯೂ ಇಳಿದಿದೆ ಅಂದರೆ ಆಂಟಿಬಯೋಟಿಕ್ ನಿಲ್ಲಿಸಲು ಧೈರ್ಯ ಬರುತ್ತದೆ. ನಾಲ್ಕು ದಿನ ಕಳೆದರೂ ಜ್ವರ ಬಿಡದೆ, ಪಿಸಿಟಿ ಕಡಿಮೆ ಇದ್ದು ಸಿಆರ್‌ಪಿ ಮಾತ್ರ ಮೇಲೇ ಉಳಿದರೆ ನನ್ನ ಅನುಮಾನ ಫಂಗಸ್ ಕಡೆ ಹೋಗುತ್ತದೆ. ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತೇನೆ.

ಸಿಆರ್‌ಪಿ ಸೋಂಕಿಲ್ಲದೆಯೂ ಏರುತ್ತದೆ. ಗಡ್ಡೆಯಿಂದಲೇ ಏರಬಹುದು, ಕಿಮೋದಿಂದಾದ ಬಾಯಿಹುಣ್ಣಿನಿಂದಲೂ ಏರಬಹುದು. ಇನ್ನೊಂದು ಕಡೆ, ಸ್ಟಿರಾಯ್ಡ್ ತೆಗೆದುಕೊಳ್ಳುವ ಮಗುವಿನಲ್ಲಿ ಜ್ವರವೇ ಮುಚ್ಚಿಹೋಗಬಹುದು. ಅಂಥ ಮಗು ಸಪ್ಪಗಾಗಿ, ಊಟ ಬಿಟ್ಟು ಮಲಗಿದರೆ ನಾನು ಯಾವ ಸಂಖ್ಯೆಗೂ ಕಾಯುವುದಿಲ್ಲ. ಮಳೆಗಾಲದಲ್ಲಿ ಡೆಂಗಿಯೂ ಸೇರಿಕೊಳ್ಳುತ್ತದೆ. ಕಿಮೋದಿಂದ ಪ್ಲೇಟ್‌ಲೆಟ್ ಮೊದಲೇ ಬಿದ್ದಿರುವುದರಿಂದ ಅದನ್ನು ನೋಡಿ ಡೆಂಗಿ ಹೌದೋ ಅಲ್ಲವೋ ಹೇಳಲಾಗದು. ಡೆಂಗಿ ಪತ್ತೆಹಚ್ಚುವ ಎನ್‌ಎಸ್1 ರಕ್ತಪರೀಕ್ಷೆಗೆ ಕಳಿಸಲೇಬೇಕು.

ರಿಪೋರ್ಟಿನಲ್ಲಿ ಅಳತೆಯನ್ನೂ ನೋಡಿ. ಕೆಲವು ಲ್ಯಾಬ್‌ಗಳು ಸಿಆರ್‌ಪಿಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಬರೆಯುತ್ತವೆ, ಕೆಲವು ಡೆಸಿಲೀಟರಿಗೆ. ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರಿನ ಲೆಕ್ಕದ 8, ಲೀಟರಿನ ಲೆಕ್ಕದಲ್ಲಿ 80. ಪಿಸಿಟಿ ದುಬಾರಿ, ಎಲ್ಲರಿಗೂ ದಿನಾ ಮಾಡಿಸಲು ಆಗುವುದಿಲ್ಲ. ಆಗ ಒಂದೇ ಲ್ಯಾಬಿನಲ್ಲಿ, ದಿನಾ ಒಂದೇ ಹೊತ್ತಿಗೆ ಸಿಆರ್‌ಪಿ ಮಾಡಿಸುತ್ತೇನೆ. ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ಅದರಲ್ಲೂ ಕಾಣುತ್ತದೆ.