ತವರಿಗೆ ಹೋಗುವ ಮುಂಚೆ ರಕ್ತದ ರಿಪೋರ್ಟ್ ಕೈಲಿರಲಿ

ನಾನು ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಓಡಾಡುವ ನರ್ಸಮ್ಮ. ಚೊಚ್ಚಲ ಬಸುರಿಯರು ಸೀಮಂತ ಮುಗಿಸಿ ತವರಿಗೆ ಹೊರಡುತ್ತಾರೆ. ಸೀರೆ, ಬಳೆ, ಮಡಿಲಕ್ಕಿ ಎಲ್ಲ ಜೊತೆಗೆ ಹೋಗುತ್ತದೆ. ರಕ್ತದ ರಿಪೋರ್ಟ್ ಬರೆದಿರುವ ತಾಯಿ ಕಾರ್ಡ್ ಮಾತ್ರ ಗಂಡನ ಮನೆ ಬೀರುವಿನಲ್ಲೇ ಉಳಿಯುತ್ತದೆ. ನನಗೆ ಜಾಸ್ತಿ ಭಯ ಇದಕ್ಕೇ. ತಾಯಿಯ ರಕ್ತದಲ್ಲಿ ಮಗುವಿಗೆ ಅಂಟುವ ಸೋಂಕು ಏನಿದೆ ಅಂತ ಹೆರಿಗೆ ಮಾಡಿಸುವವರಿಗೆ ಗೊತ್ತಿಲ್ಲದಿದ್ದರೆ, ಮಗುವಿಗೆ ಮೊದಲ ದಿನವೇ ಸಿಗಬೇಕಾದ ಮದ್ದು ತಪ್ಪಿಹೋಗಬಹುದು.

ಮುಟ್ಟು ನಿಂತಿದ್ದು ಗೊತ್ತಾದ ಕೂಡಲೇ ಹೆಸರು ಬರೆಸಿ, ರಕ್ತ ಕೊಡಿ. ಎಚ್‌ಐವಿ, ಸಿಫಿಲಿಸ್ ಅನ್ನೋ ಲೈಂಗಿಕ ರೋಗ, ಲಿವರ್‌ಗೆ ಬರುವ ಹೆಪಟೈಟಿಸ್ ಬಿ, ಈ ಮೂರನ್ನೂ ನೋಡಿದ್ದಾರಾ ಅಂತ ಬಾಯಿಬಿಟ್ಟು ಕೇಳಿ. ಮೈಮೇಲೆ ಏನೂ ಕಾಣಿಸದೆಯೂ ಇವು ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ಪ್ರತಿ ತಿಂಗಳ 9ನೇ ತಾರೀಖು ಡಾಕ್ಟರೇ ಬಸುರಿಯರನ್ನು ನೋಡುತ್ತಾರೆ, ಅವತ್ತೇ ಬನ್ನಿ. ಯಜಮಾನರನ್ನೂ ಕರೆದುಕೊಂಡು ಬನ್ನಿ. ಹೆಂಡತಿಗೆ ಮಾತ್ರ ಸಿಫಿಲಿಸ್‌ಗೆ ಮದ್ದು ಕೊಟ್ಟು ಗಂಡನನ್ನು ಬಿಟ್ಟರೆ ಕಾಯಿಲೆ ಮತ್ತೆ ಅಂಟುತ್ತದೆ, ಅಲ್ವಾ?

ಸಿಫಿಲಿಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಗರ್ಭ ಇಳಿದುಹೋಗುವುದು, ಸತ್ತ ಮಗು ಹುಟ್ಟುವುದು, ಇದರಿಂದಲೂ ಆಗುತ್ತದೆ. ಮನೆಯವರು ದೃಷ್ಟಿ ಅಂತಲೋ ಗಾಳಿ ಅಂತಲೋ ಹರಕೆ ಕಟ್ಟಿಕೊಂಡು ಕೂತಿರುತ್ತಾರೆ. ಹರಕೆ ಬೇಡ ಅನ್ನುವುದಿಲ್ಲ, ರಕ್ತವನ್ನೂ ಕೊಡಿ. ಮದ್ದು ಪೆನಿಸಿಲಿನ್ ಇಂಜೆಕ್ಷನ್. ಶುರುವಿನಲ್ಲೇ ಸಿಕ್ಕರೆ ಸಾಮಾನ್ಯವಾಗಿ ಒಂದೇ ಸಲ, ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು ವಾರ. ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಚಿಕಿತ್ಸೆ ಶುರುವಾಗಿರಬೇಕು. ತೀರಾ ತಡವಾದರೆ ಹೊಟ್ಟೆಯೊಳಗಿನ ಕೂಸಿಗೆ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಹುಟ್ಟಿದಾಗ ಚೆನ್ನಾಗಿಯೇ ಕಂಡರೂ ಆ ಮಗುವನ್ನು ಡಾಕ್ಟರ್ ನೋಡಲೇಬೇಕು.

ಹೆಪಟೈಟಿಸ್ ಬಿ ಇದ್ದರೆ ಗಡಿಯಾರ ನೋಡಬೇಕು. ಮೊದಲ ಲಸಿಕೆ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ತಾಯಿಗೆ ಸೋಂಕಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಇನ್ನೊಂದು ಇಂಜೆಕ್ಷನ್ನೂ ಬೇಕು, ಅದು 12 ಗಂಟೆಯೊಳಗಾದರೆ ಒಳ್ಳೆಯದು. ಅದು ಎಲ್ಲ ಕಡೆ ಸಿಗುವುದಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೋ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ, ಎಲ್ಲಿ ಹೆರಿಗೆ ಅಂತಿದ್ದೀರೋ ಅಲ್ಲಿ ಮೊದಲೇ ವಿಚಾರಿಸಿಡಿ. ಎದೆಹಾಲು ಕೊಡಬಹುದು.

ಎಚ್‌ಐವಿ ಅಂದಕೂಡಲೇ ಎಷ್ಟೋ ಹೆಣ್ಣುಮಕ್ಕಳ ಕೈಕಾಲು ತಣ್ಣಗಾಗುತ್ತದೆ. ಮೊದಲು ಇದನ್ನು ಕೇಳಿ. ಮದ್ದೇ ಇಲ್ಲದಿದ್ದರೆ, ಎದೆಹಾಲೂ ಕುಡಿಸಿದರೆ, 100ರಲ್ಲಿ 15ರಿಂದ 45 ಮಕ್ಕಳಿಗೆ ಅಂಟಬಹುದು. ಎಆರ್‌ಟಿ ಅನ್ನೋ ಎಚ್‌ಐವಿ ಮಾತ್ರೆ ಒಂದು ದಿನವೂ ಬಿಡದೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಮಾತ್ರೆ ಉಚಿತ, ಜೀವನಪೂರ್ತಿ. ಮಗುವಿಗೆ ಹುಟ್ಟಿದ ಕೂಡಲೇ ಸಿರಪ್ ಶುರು, ಕನಿಷ್ಠ 6 ವಾರ. ಮೊದಲ ಆರು ತಿಂಗಳು ಬರೀ ಎದೆಹಾಲು. ಬಜೆ ತೇಯ್ದು ನೆಕ್ಕಿಸುವುದು, ಸಕ್ಕರೆ ನೀರು, ಹಸುವಿನ ಹಾಲು, ಯಾವುದೂ ಬೇಡ. ಎದೆಹಾಲಿನ ಜೊತೆ ಬೇರೆಯದು ಬೆರೆತರೆ ಅಪಾಯ ಜಾಸ್ತಿ. ಅಜ್ಜಿಗೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, "ಡಾಕ್ಟರ್ ಬೇಡ ಅಂದಿದ್ದಾರೆ" ಅನ್ನಿ, ಸಾಕು. 6 ವಾರಕ್ಕೆ ಮಗುವಿನ ಮೊದಲ ಪರೀಕ್ಷೆ, ಕೊನೆಯದು 18 ತಿಂಗಳಿಗೆ. ನಡುವಿನವನ್ನೂ ತಪ್ಪಿಸಬೇಡಿ.

ಗುಟ್ಟು ಹೊರಬಿದ್ದೀತು ಅಂತ ಕಾರ್ಡ್ ಬಚ್ಚಿಡುವವರಿದ್ದಾರೆ. 2017ರ ಕಾನೂನಿನ ಪ್ರಕಾರ, ನೀವು ಒಪ್ಪದೆ ಆಸ್ಪತ್ರೆಯವರು ಅತ್ತೆಗಾಗಲಿ ಓರಗಿತ್ತಿಗಾಗಲಿ ನಿಮ್ಮ ಎಚ್‌ಐವಿ ವಿಷಯ ಹೇಳುವಂತಿಲ್ಲ. ಮನಸ್ಸಿಗೆ ಕಷ್ಟವಾದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದೂ ಉಚಿತ.

ಗುಪ್ತಾಂಗದಲ್ಲಿ ನೀರುಗುಳ್ಳೆ, ಹುಣ್ಣು ಇದ್ದರೆ ಹೆರಿಗೆ ನೋವು ಶುರುವಾಗುವ ಮುಂಚೆಯೇ ಡಾಕ್ಟರಿಗೆ ಹೇಳಿ, ಅದು ಹರ್ಪಿಸ್ ಅನ್ನೋ ಸೋಂಕಾಗಿದ್ದರೆ ಸಿಸೇರಿಯನ್ ಬೇಕಾಗಬಹುದು. ಗೊನೋರಿಯಾ, ಕ್ಲಾಮಿಡಿಯಾ ಅನ್ನೋ ಲೈಂಗಿಕ ಸೋಂಕುಗಳು ತಾಯಿಯಿಂದ ಮಗುವಿನ ಕಣ್ಣಿಗೆ ಬರುತ್ತವೆ. ಬಾಣಂತಿ ಕೋಣೆಯಲ್ಲಿ ಕೂಸಿನ ರೆಪ್ಪೆ ಊದಿ ಕೀವು ಸುರಿಯುತ್ತಿದ್ದರೆ ಕಣ್ಣಿಗೆ ಎದೆಹಾಲು ಹಿಂಡಬೇಡಿ, ಕಾಡಿಗೆ ಹಚ್ಚಬೇಡಿ. ದೃಷ್ಟಿಯೇ ಹೋಗಬಹುದು. ಹನ್ನೊಂದು ದಿನ ಕಳೆಯಲಿ, ಪುಣ್ಯಾಹ ಆಗಲಿ ಅಂತ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.