ನಿಮ್ಮೂರಿನ ಬೋರ್ ನೀರು ಕುಡಿಯೋಕೆ ಯೋಗ್ಯವಾ? ಪರೀಕ್ಷೆ ಮಾಡಿಸೋದು ಹೀಗೆ

ನಮ್ಮ ಕಡೆ ಬೇಸಿಗೆ ಬಂದರೆ 'ನೀರು ಬಂತಾ?' ಅಂತ ಎಲ್ಲರೂ ಕೇಳುತ್ತಾರೆ. ಬಂದ ನೀರು ಎಂಥದ್ದು ಅಂತ ಕೇಳುವವರು ಕಡಿಮೆ. ತಿಳಿಯಾಗಿದೆ, ರುಚಿಯೂ ಪರವಾಗಿಲ್ಲ ಅಂದರೆ ಕೊಡ ತುಂಬಿಸಿಕೊಂಡು ಬರುತ್ತೇವೆ. ಆದರೆ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೈಟ್ರೇಟ್, ಆರ್ಸೆನಿಕ್ ಕೂಡ ಹಾಗೆಯೇ. ನಾಲಿಗೆಗೆ ಗೊತ್ತಾಗುವುದು ಸವಳು ಮಾತ್ರ. ಹಾಗಾಗಿ ಪರೀಕ್ಷೆ ಮಾಡಿಸದೆ ಬೇರೆ ದಾರಿಯಿಲ್ಲ. ಅದೇನೂ ಕಷ್ಟದ ಕೆಲಸವಲ್ಲ. ಒಂದು ಕ್ಯಾನು, ಅರ್ಧ ದಿನದ ಓಡಾಟ, ಸ್ವಲ್ಪ ಎಚ್ಚರ ಇದ್ದರೆ ಸಾಕು.

ಮೊದಲು ಕಾಲಡಿಯ ಕಲ್ಲು ನೋಡಿ

ನೀರಿನ ಗುಣ ಅದು ಹಾದುಬಂದ ಕಲ್ಲಿನ ಮೇಲೆ ನಿಂತಿದೆ. ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಕಲ್ಲು ಒಂದೇ ತರ ಇಲ್ಲ.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಕೆಳಗಿರುವುದು ಸುಣ್ಣದ ಕಲ್ಲು, ಮನೆಗೆ ಹಾಸುವ ಅದೇ ಶಹಾಬಾದ್ ಕಲ್ಲು. ಅಲ್ಲಿನ ನೀರು ಗಡಸು. ಸೋಪು ನೊರೆ ಬರಲ್ಲ, ತೊಗರಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಮೆತ್ತಗಾಗಲ್ಲ. ತೊಗರಿ ಕಣಜದಲ್ಲೇ ಬೇಳೆ ಬೇಯದ ನೀರು ಅಂದರೆ ಹೆಣ್ಣುಮಕ್ಕಳ ಕಷ್ಟ ಎಷ್ಟಿರಬೇಕು ನೋಡಿ.

ಯಾದಗಿರಿ ಜಿಲ್ಲೆಯ ಹೆಚ್ಚಿನ ಭಾಗ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಅದರಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೀರು ಆಳದಲ್ಲಿ ಹೆಚ್ಚು ವರ್ಷ ನಿಂತಷ್ಟೂ ಫ್ಲೋರೈಡ್ ಜಾಸ್ತಿಯಾಗುವ ಸಂಭವ ಹೆಚ್ಚು. ಸುರಪುರ ತಾಲ್ಲೂಕಿನಲ್ಲಿ ಇನ್ನೊಂದು ಅಪಾಯವಿದೆ. ಅಲ್ಲಿ ಚಿನ್ನದ ಅದಿರಿರುವ ಕಲ್ಲಿನ ಪಟ್ಟಿ ಹಾದುಹೋಗಿದೆ. ಚಿನ್ನ ಇರುವ ಕಲ್ಲಿನಲ್ಲಿ ಆರ್ಸೆನಿಕ್ ಕೂಡ ಸಾಮಾನ್ಯವಾಗಿ ಇರುತ್ತದೆ. ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಕಂಡುಬಂದು, ಜನ ಚರ್ಮದ ಕಾಯಿಲೆಯಿಂದ ನರಳಿದ್ದು ಈ ಭಾಗದವರಿಗೆ ಗೊತ್ತಿರುವ ವಿಷಯ.

ಬೀದರ್ ಊರು ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದು ಮಳೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಳಗಿನ ಕರಿಕಲ್ಲು ಆ ನೀರನ್ನು ತಡೆದು ನಿಲ್ಲಿಸುತ್ತದೆ. ಇದನ್ನು ತಿಳಿದುಕೊಂಡೇ ಬಹಮನಿ ಕಾಲದಲ್ಲಿ ನೌಬಾದ್ ಕಡೆ ನೆಲದಡಿ ಸುರಂಗ ತೋಡಿ ಕಾರೇಜ್ ಮಾಡಿದರು. ಪಂಪಿಲ್ಲದೆ, ಇಳಿಜಾರಿನಲ್ಲೇ ನೀರು ಹರಿದು ಬರುತ್ತಿತ್ತು. ಆದರೆ ನೀರನ್ನು ಬೇಗ ಒಳಗೆ ಬಿಡುವ ಕಲ್ಲು ಹೊಲಸನ್ನೂ ಬೇಗ ಬಿಡುತ್ತದೆ. ಬೀದರ್ ಕಡೆಯವರು ಶೌಚದ ಗುಂಡಿ, ಚರಂಡಿಯ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು.

ಸ್ಯಾಂಪಲ್ ಹಿಡಿಯುವ ಕ್ರಮ

ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ. ಕ್ಯಾನು ಸರಿ ತೊಳೆದಿರುವುದಿಲ್ಲ, ಇಲ್ಲವೇ ಟ್ಯಾಂಕಿನ ನೀರು ಹಿಡಿದು ಬೋರ್ ನೀರು ಅಂತ ಕೊಟ್ಟಿರುತ್ತಾರೆ.

ಫ್ಲೋರೈಡ್, ನೈಟ್ರೇಟ್, ಗಡಸುತನ ಇವುಗಳ ಪರೀಕ್ಷೆಗೆ 2 ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಕ್ಯಾನು ಬೇಕು. ಎಣ್ಣೆ, ಜ್ಯೂಸ್ ಇಟ್ಟಿದ್ದು ಬೇಡ. ಬೋರನ್ನು 5ರಿಂದ 10 ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರೆಲ್ಲ ಹೋಗಲಿ. ಅದೇ ನೀರಿನಿಂದ ಕ್ಯಾನನ್ನು ಎರಡು-ಮೂರು ಸಲ ಗಲಬರಿಸಿ, ಆಮೇಲೆ ಕಂಠಪೂರ್ತಿ ತುಂಬಿಸಿ ಮುಚ್ಚಳ ಬಿಗಿ ಮಾಡಿ. ಊರು, ಬೋರ್ ಇರುವ ಜಾಗ, ತಾರೀಖು, ಹೊತ್ತು ಬರೆದು ಅಂಟಿಸಿ. 'ಹನುಮಂತ ದೇವರ ಗುಡಿ ಮುಂದಿನ ಬೋರಿಂಗು' ಅಂತ ಗುರುತು ಸಿಗುವ ಹಾಗೆ ಬರೆಯಿರಿ. ಊರಲ್ಲಿ ನಾಲ್ಕು ಬೋರ್ ಇದ್ದರೆ ನಾಲ್ಕರದ್ದೂ ಬೇರೆ ಬೇರೆ ಹಿಡಿಯಬೇಕು. ನೂರು ಹೆಜ್ಜೆ ಅಂತರದ ಎರಡು ಬೋರ್‌ಗಳ ನೀರು ಬೇರೆ ಬೇರೆ ಇರಬಹುದು.

ಕ್ರಿಮಿಯ ಪರೀಕ್ಷೆಗೆ ಬಾಟಲಿಯನ್ನು ಲ್ಯಾಬಿನವರೇ ಕೊಡುತ್ತಾರೆ. ಅದನ್ನು ತೊಳೆಯಬೇಡಿ. ಒಳಗೆ ಕ್ಲೋರಿನ್ ತಡೆಯುವ ಪುಡಿ ಹಾಕಿರುತ್ತಾರೆ, ತೊಳೆದರೆ ಅದು ಹೋಗುತ್ತದೆ. ನಳದ ಬಾಯಿ ಒರೆಸಿ ಬೆಂಕಿ ಆಡಿಸಿ. ಪ್ಲಾಸ್ಟಿಕ್ ನಳವಾದರೆ ಸ್ಪಿರಿಟ್‌ನಿಂದ ಒರೆಸಿದರೆ ಸಾಕು. ಎರಡು-ಮೂರು ನಿಮಿಷ ನೀರು ಬಿಟ್ಟು ಹಿಡಿಯಿರಿ. ಬಾಟಲಿಯ ಬಾಯಿಗೆ, ಮುಚ್ಚಳದ ಒಳಗೆ ಬೆರಳು ತಾಗಬಾರದು. ಮೇಲೆ ಒಂದಿಷ್ಟು ಜಾಗ ಖಾಲಿ ಬಿಡಿ. ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಿ. 24 ಗಂಟೆ ದಾಟಿದರೆ ಆ ಸ್ಯಾಂಪಲ್ ನಂಬುವ ಹಾಗಿಲ್ಲ.

ವರ್ಷಕ್ಕೆ ಒಂದು ಸಲ ರಾಸಾಯನಿಕ ಪರೀಕ್ಷೆ, ಮಳೆಗಾಲಕ್ಕೆ ಮುಂಚೆ ಒಂದು ಮತ್ತು ಮುಗಿದ ಮೇಲೆ ಒಂದು ಕ್ರಿಮಿ ಪರೀಕ್ಷೆ ಆಗಬೇಕು. ರಾಸಾಯನಿಕ ಪರೀಕ್ಷೆಗೆ ಬೇಸಿಗೆಯ ಕೊನೆ ಒಳ್ಳೆಯದು. ಆಗ ನೀರು ಕೆಳಗಿಳಿದು ದೋಷ ಎದ್ದು ಕಾಣುತ್ತದೆ.

ಎಲ್ಲಿಗೆ ಒಯ್ಯಬೇಕು

ಮೊದಲು ಪಂಚಾಯ್ತಿಗೆ ಹೋಗಿ ಪರೀಕ್ಷಾ ಕಿಟ್ ಕೇಳಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ', ಇದರ ಅಡಿ ಪ್ರತಿ ಊರಿನ 5 ಮಹಿಳೆಯರಿಗೆ ಈ ಕಿಟ್ ಬಳಸುವ ತರಬೇತಿ ಕೊಡಬೇಕು. ನಿಮ್ಮೂರಲ್ಲಿ ಆ ಐವರು ಯಾರು ಅಂತ ಪಿಡಿಒ ಅವರನ್ನು ಕೇಳಿ ತಿಳಿದುಕೊಳ್ಳಿ.

ಕಿಟ್‌ನ ಕೆಲಸ ಸರಳ. ಗುರುತಿನವರೆಗೆ ನೀರು ಹಾಕಿ, ಹೇಳಿದಷ್ಟು ಹನಿ ಔಷಧಿ ಬಿಟ್ಟು ಅಲುಗಾಡಿಸಿ, ಬಂದ ಬಣ್ಣವನ್ನು ಚೀಟಿಯ ಬಣ್ಣದ ಜೊತೆ ಹೋಲಿಸುವುದು. ಫ್ಲೋರೈಡ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗುಲಾಬಿ ಬಣ್ಣ ಹಳದಿಯ ಕಡೆಗೆ ಹೊರಳಿದಷ್ಟೂ ಫ್ಲೋರೈಡ್ ಜಾಸ್ತಿ ಅಂತ ಅರ್ಥ. ಬಣ್ಣವನ್ನು ಹಗಲು ಬೆಳಕಿನಲ್ಲಿ, ನೆರಳಲ್ಲಿ ನಿಂತು, ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಹಳದಿ ಬಲ್ಬಿನ ಕೆಳಗೆ ನೋಡಿದರೆ ಎಲ್ಲವೂ ಹಳದಿಯೇ. ಔಷಧಿಯ ಅವಧಿ ಮುಗಿದಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕ್ರಿಮಿಗೆ ಬೇರೆ ಸಣ್ಣ ಬಾಟಲಿ ಇರುತ್ತದೆ. ಗುರುತಿನವರೆಗೆ ನೀರು ತುಂಬಿಸಿ 24ರಿಂದ 48 ಗಂಟೆ ಇಟ್ಟರೆ, ಹೊಲಸು ಸೇರಿದ ನೀರು ಕಪ್ಪಾಗುತ್ತದೆ. ಆ ಕಪ್ಪು ಬಾಟಲಿಯನ್ನು ಊರಿನ ಜನಕ್ಕೆ ತೋರಿಸಿ. ಎಷ್ಟೋ ಭಾಷಣಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಕಿಟ್ ಸುಳಿವು ಕೊಡುತ್ತದೆ, ಖಾತ್ರಿ ಕೊಡುವುದು ಲ್ಯಾಬು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಜನರೂ ಕಡಿಮೆ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಸುರಪುರ ಕಡೆಯವರು ಆರ್ಸೆನಿಕ್ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ, ಅರ್ಜಿಯಲ್ಲೂ ಬರೆಯಿರಿ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಬಿಟ್ಟುಹೋಗಬಹುದು.

ಇನ್ನೊಂದು ಎಚ್ಚರಿಕೆ. ಫಿಲ್ಟರ್ ಮಾರುವವರು ಮನೆಗೆ ಬಂದು ನೀರಿನಲ್ಲಿ ಪೆನ್ನಿನಂಥ ಮೀಟರ್ ಅದ್ದಿ ಟಿಡಿಎಸ್ ತೋರಿಸುತ್ತಾರೆ. ಅದು ಒಟ್ಟು ಕರಗಿದ ಲವಣದ ಲೆಕ್ಕ ಅಷ್ಟೇ. ಫ್ಲೋರೈಡ್ ಎಷ್ಟು, ಆರ್ಸೆನಿಕ್ ಇದೆಯಾ, ಕ್ರಿಮಿ ಇದೆಯಾ ಅಂತ ಅದು ಹೇಳುವುದೇ ಇಲ್ಲ. ಕೆಲವರು ಎರಡು ಸರಳಿನ ಯಂತ್ರಕ್ಕೆ ಕರೆಂಟ್ ಕೊಟ್ಟು ನಿಮ್ಮ ನೀರನ್ನು ಕಂದು ಬಣ್ಣ ಮಾಡಿ ತೋರಿಸುತ್ತಾರೆ. ಆ ಬಣ್ಣ ಬರುವುದು ಸರಳಿನ ಕಬ್ಬಿಣ ಕರಗಿ. ಅದನ್ನು ನೋಡಿ ಹೆದರಿ ಸಾವಿರಾರು ರೂಪಾಯಿ ಕೊಡಬೇಡಿ.

ವರದಿ ಓದುವುದು

ವರದಿಯಲ್ಲಿ ಇಪ್ಪತ್ತು ಸಾಲು ಇರಬಹುದು. ಮೊದಲು ನೋಡಬೇಕಾದ್ದು ಕೆಲವೇ. ಇವು ಭಾರತೀಯ ಮಾನಕ ಐಎಸ್ 10500ರ ಮಿತಿಗಳು:

ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಆರ್ಸೆನಿಕ್ 0.01 ಮಿಲಿಗ್ರಾಂ ದಾಟಬಾರದು. ಗಡಸುತನ 200, ಬೇರೆ ದಾರಿ ಇಲ್ಲದಿದ್ದರೆ 600. ಟಿಡಿಎಸ್ 500, ಬೇರೆ ದಾರಿ ಇಲ್ಲದಿದ್ದರೆ 2000. ಇ-ಕೋಲಿ, ಅಂದರೆ ಮಲದಿಂದ ಸೇರುವ ಕ್ರಿಮಿ, 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು.

ಗಡಸುತನ, ಟಿಡಿಎಸ್ ಸ್ವಲ್ಪ ಹೆಚ್ಚಿದ್ದರೆ ತೊಂದರೆ ಇದೆ, ಆದರೆ ಗಾಬರಿ ಬೇಡ. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್, ಇ-ಕೋಲಿ ಈ ನಾಲ್ಕರಲ್ಲಿ ಒಂದು ಮಿತಿ ದಾಟಿದರೂ ಸುಮ್ನೆ ಕೂರಬೇಡಿ.

ದೋಷ ಯಾವುದೋ, ಮದ್ದು ಅದಕ್ಕೆ ತಕ್ಕದ್ದು

'ಕುದಿಸಿ ಕುಡಿದರೆ ಎಲ್ಲ ಸರಿ' ಅಂತ ಜನ ನಂಬಿದ್ದಾರೆ. ಕುದಿಸಿದರೆ ಸಾಯುವುದು ಕ್ರಿಮಿ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಎಲ್ಲಿಗೂ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದ ನೀರಲ್ಲಿ ಅವು ಸ್ವಲ್ಪ ಜಾಸ್ತಿಯೇ ಆಗುತ್ತವೆ.

*ಕ್ರಿಮಿ ಇದ್ದರೆ:* ಕುಡಿಯುವ ನೀರನ್ನು ಗುಳುಗುಳು ಕುದಿಸಿ ಆರಿಸಿ. ಊರಿನ ತೆರೆದ ಬಾವಿಯಾದರೆ ಬ್ಲೀಚಿಂಗ್ ಪೌಡರ್ ಬೇಕು. ಲೆಕ್ಕ ಹೀಗೆ: ಬಾವಿಯ ಅಡ್ಡಳತೆ ಮೀಟರಿನಲ್ಲಿ ಹಿಡಿದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, 1000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್ ಅಂದರೆ 70 ಗ್ರಾಂ. ನೀರು ರಾಡಿಯಾಗಿದ್ದರೆ ಇನ್ನೂ ಬೇಕಾಗುತ್ತದೆ.

ಪೌಡರನ್ನು ನೇರ ಬಾವಿಗೆ ಎರಚಬೇಡಿ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ತಿರುವಿ, 5ರಿಂದ 10 ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಇನ್ನೂ ಗಡಸಾಗುತ್ತದೆ. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಈ ಕೆಲಸ ಮಾಡಿದರೆ ಯಾರಿಗೂ ತೊಂದರೆಯಿಲ್ಲ.

ಇದರ ಜೊತೆ ಹೊಲಸು ಎಲ್ಲಿಂದ ಸೇರುತ್ತಿದೆ ಅಂತ ಹುಡುಕಲೇಬೇಕು. 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ವಾಂತಿ-ಭೇದಿಯಾಗಿ ಜೀವಗಳು ಹೋದವು. ಚರಂಡಿಯೊಳಗೆ ಹಾದುಹೋದ ಪೈಪು, ಒಡೆದ ಜಾಯಿಂಟು, ನಳಕ್ಕೆ ಸಿಕ್ಕಿಸಿದ ಮೋಟರು, ಇವು ಇರುವ ಕಡೆ ಅಪಾಯ ಇದ್ದೇ ಇದೆ. ನೀರು ಬಿಡದ ಹೊತ್ತಲ್ಲಿ ಪೈಪು ಖಾಲಿಯಾಗಿ, ಸುತ್ತಲಿನ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ.

*ನೈಟ್ರೇಟ್ ಇದ್ದರೆ:* ಆರು ತಿಂಗಳೊಳಗಿನ ಕೂಸಿಗೆ ಆ ನೀರಲ್ಲಿ ಪುಡಿ ಹಾಲು ಕಲಸಲೇಬೇಡಿ. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು. ಇದರ ಮೂಲ ತಿಪ್ಪೆ, ಶೌಚದ ಗುಂಡಿ, ಹೊಲದ ಯೂರಿಯಾ. ಬೋರಿನಿಂದ ಗುಂಡಿ, ತಿಪ್ಪೆ ಕನಿಷ್ಠ 15 ಮೀಟರ್ ದೂರ ಇರಲಿ.

*ಆರ್ಸೆನಿಕ್ ಇದ್ದರೆ:* ಆ ನೀರು ಕುಡಿಯಲು, ಅಡುಗೆಗೆ ಆ ದಿನದಿಂದಲೇ ನಿಲ್ಲಿಸಿ. ಬೇರೆ ನೀರಿನ ವ್ಯವಸ್ಥೆ ಮಾಡುವುದು ಸರ್ಕಾರದ ಕೆಲಸ, ಗಟ್ಟಿಯಾಗಿ ಕೇಳಿ.

*ಫ್ಲೋರೈಡ್ ಇದ್ದರೆ:* ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಕಂಡರೆ ಅದೇ ಸುಳಿವು. ವರ್ಷಗಟ್ಟಲೆ ಕುಡಿದರೆ ಮೂಳೆಗೆ ಇಳಿಯುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಒಮ್ಮೆ ಬಾಗಿದ್ದನ್ನು ನೆಟ್ಟಗೆ ಮಾಡುವ ಔಷಧಿಯಿಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಇದಕ್ಕೆ ನಡೆಯಲ್ಲ. ಆರ್‌ಒ ಅಥವಾ ಅಲ್ಯುಮಿನಾ ತುಂಬಿದ ಫಿಲ್ಟರ್ ಬೇಕು. ಊರಿನ ಶುದ್ಧ ನೀರಿನ ಘಟಕದಿಂದ ತರುತ್ತಿದ್ದರೆ ಆ ನೀರನ್ನೂ ಪರೀಕ್ಷೆ ಮಾಡಿಸಿ. ಒಳಗಿನ ಪೊರೆ ಹಾಳಾಗಿದ್ದರೂ ಕಾಯಿನ್ ಹಾಕಿದರೆ ನೀರು ಬರುತ್ತಲೇ ಇರುತ್ತದೆ. ಊಟದಲ್ಲಿ ಹಾಲು, ಮೊಸರು, ಸೊಪ್ಪು, ನೆಲ್ಲಿಕಾಯಿ ಇರಲಿ. ಅಡಿಕೆ, ಕಪ್ಪು ಉಪ್ಪು ಕಡಿಮೆ ಮಾಡಿ, ಅವುಗಳಲ್ಲೂ ಫ್ಲೋರೈಡ್ ಇದೆ.

ಆಳಕ್ಕೆ ಕೊರೆಸುವ ಮುಂಚೆ ಮೇಲೆ ನೋಡಿ

ನೀರು ಕೆಟ್ಟಿದೆ ಅಂದ ಕೂಡಲೇ 'ಇನ್ನೊಂದು ಬೋರ್ ಹಾಕಿಸೋಣ, ಇನ್ನೂ ಆಳಕ್ಕೆ ಹೋಗೋಣ' ಅನ್ನುತ್ತಾರೆ. ಗ್ರಾನೈಟ್ ನೆಲದಲ್ಲಿ ಇದು ಫ್ಲೋರೈಡ್ ಕಡೆಗೇ ಇನ್ನಷ್ಟು ಹೋದ ಹಾಗೆ. ನಾವು ಜಾಸ್ತಿ ಎತ್ತಿದಷ್ಟೂ ಹಳೆಯ, ಆಳದ ನೀರು ಮೇಲೆ ಬರುತ್ತದೆ. ನೀರು ಉಳಿಸುವುದು, ನೀರು ಶುದ್ಧವಾಗಿರುವುದು ಎರಡೂ ನಮ್ಮ ಭಾಗದಲ್ಲಿ ಒಂದೇ ಕೆಲಸ ಅಂತ ನಾನು ಹೇಳುವುದು ಇದಕ್ಕೇ.

ಮಳೆ ನೀರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಾವಿರ ಚದರ ಅಡಿ ಆರ್‌ಸಿಸಿ ಅಥವಾ ತಗಡಿನ ಮಾಳಿಗೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್. ವರ್ಷಕ್ಕೆ 700 ಮಿಲಿಮೀಟರ್ ಅಂತ ಹಿಡಿದು, ಐದರಲ್ಲಿ ಒಂದು ಪಾಲು ಹಾಳಾಯಿತು ಅಂದುಕೊಂಡರೂ 50,000 ಲೀಟರ್ ಮೀರುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಸಾಕು. ಅಂದರೆ 5,000 ಲೀಟರಿನ ಟ್ಯಾಂಕ್ ಒಂದಿದ್ದರೆ ನಾಲ್ಕು ತಿಂಗಳ ಬೇಸಿಗೆ ಕಳೆಯುತ್ತದೆ. ಬೋರ್ ನೀರಲ್ಲಿ ಫ್ಲೋರೈಡ್ 2 ಇದ್ದರೆ ಸಮ ಸಮ ಮಳೆ ನೀರು ಬೆರೆಸಿದರೂ 1ಕ್ಕೆ ಇಳಿಯುತ್ತದೆ.

ಮೊದಲ ಮಳೆಗಳ ನೀರು ಹಿಡಿಯಬೇಡಿ, ಮಾಳಿಗೆ ತೊಳೆದು ಹೋಗಲಿ. ಆಮೇಲೂ ಪ್ರತಿ ಮಳೆಯ ಮೊದಲ ಹತ್ತು-ಹದಿನೈದು ನಿಮಿಷ ಹೊರಗೆ ಬಿಡಿ. ಜಲ್ಲಿ, ಇದ್ದಿಲು, ಮರಳು ಹಾಕಿದ ಡ್ರಮ್ಮಿನಿಂದ ಸೋಸಿ, ಬೆಳಕು ಬೀಳದ ಟ್ಯಾಂಕಿನಲ್ಲಿ ತುಂಬಿಸಿ. ಸೊಳ್ಳೆ ಹೋಗದಂತೆ ಜಾಲರಿ ಕಟ್ಟಿ, ಕುಡಿಯುವಾಗ ಕುದಿಸಿ. ಮಣ್ಣಿನ ಮಾಳಿಗೆ ಮನೆಯ ನೀರು ಕುಡಿಯಲು ಬೇಡ. ಅದನ್ನು ಇಂಗುಗುಂಡಿಗೆ ಬಿಡಿ.

ಮನೆಯಲ್ಲಿ ಆರ್‌ಒ ಇದ್ದರೆ ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು-ಮೂರು ಲೀಟರ್ ಹೊರಗೆ ಹೋಗುತ್ತದೆ. ಆ ಪೈಪಿಗೆ ಬಕೆಟ್ ಇಡಿ. ನೆಲ ಒರೆಸಲು, ಶೌಚಕ್ಕೆ ಆಗುತ್ತದೆ. ಗಿಡಕ್ಕೆ ದಿನಾ ಹಾಕಿದರೆ ಮಣ್ಣು ಸವಳಾಗುತ್ತದೆ.

ವರದಿ ಊರಿಗೆ ಗೊತ್ತಾಗಲಿ

ವರದಿಯ ಪ್ರತಿ ಜೋಡಿಸಿ ಪಂಚಾಯ್ತಿಗೆ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಗ್ರಾಮ ಸಭೆಯಲ್ಲಿ ಓದಿ ಹೇಳಿ, ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದು ಉಳಿಯಲ್ಲ. ಕೆಟ್ಟ ನೀರಿನ ಬೋರಿಂಗಿಗೆ ಕೆಂಪು ಬಣ್ಣ ಬಳಿಸಿ, 'ಕುಡಿಯಲು ಯೋಗ್ಯವಲ್ಲ' ಅಂತ ದಪ್ಪ ಅಕ್ಷರದಲ್ಲಿ ಬರೆಸಿ. ಫ್ಲೋರೈಡ್ ಅಷ್ಟೇ ಇದ್ದರೆ ಬಟ್ಟೆ ಒಗೆಯಲು ಬಳಸಲು ಅಡ್ಡಿಯಿಲ್ಲ. ಒಂದು ಪ್ರತಿಯನ್ನು ಶಾಲೆಗೂ ಅಂಗನವಾಡಿಗೂ ಕೊಟ್ಟು, ಬಿಸಿಯೂಟ ಯಾವ ಬೋರಿನ ನೀರಲ್ಲಿ ಬೇಯುತ್ತಿದೆ ಅಂತ ಅಡುಗೆಯವರನ್ನೇ ಕೇಳಿ.